ಸಮೀಕರಣದ ಅಂಕಿ ಎಣಿಕೆಗೆ, ತೂಕಕ್ಕಲ್ಲ

ಮೋಲ್ ಲೆಕ್ಕದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಸಮೀಕರಣಗಳನ್ನು ವಸ್ತುಗಳ ಹೆಸರಿನಲ್ಲೇ ಬರೆದಿದ್ದೇವೆ. ಹೆಸರಿನ ಎಡಕ್ಕಿರುವ ಅಂಕಿಯೇ ಸಹಗುಣಕ. ಅಂಕಿ ಇಲ್ಲದಿದ್ದರೆ 1 ಎಂದು ತಿಳಿಯಿರಿ.

ಪ್ರಶ್ನೆ: ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯ. ಇದನ್ನು ನೋಡಿ, 10 ಗ್ರಾಂ ನೈಟ್ರೋಜನ್‌ಗೆ 30 ಗ್ರಾಂ ಹೈಡ್ರೋಜನ್ ಬೇಕು, 20 ಗ್ರಾಂ ಅಮೋನಿಯ ಸಿಗುತ್ತದೆ ಎಂದು ಬರೆದೆ. ಉತ್ತರವನ್ನು ಪೂರ್ತಿ ಹೊಡೆದುಹಾಕಿದ್ದಾರೆ. ಸಮೀಕರಣ ಸರಿಯಾಗಿಯೇ ಇದೆಯಲ್ಲ?

ಉತ್ತರ: ಸಮೀಕರಣ ಸರಿ ಇದೆ, ಓದಿದ ರೀತಿ ತಪ್ಪಿದೆ. ನಿಮ್ಮ ಉತ್ತರವನ್ನೇ ಒಮ್ಮೆ ಕೂಡಿ ನೋಡಿ. ಒಳಗೆ ಹೋದದ್ದು 40 ಗ್ರಾಂ, ಹೊರಗೆ ಬಂದದ್ದು 20 ಗ್ರಾಂ. ಮಿಕ್ಕ 20 ಗ್ರಾಂ ಎಲ್ಲಿ? ರಾಸಾಯನಿಕ ಕ್ರಿಯೆಯಲ್ಲಿ ರಾಶಿ ಕಳೆದುಹೋಗುವುದಿಲ್ಲ. ಆದ್ದರಿಂದ ಬೇರೆ ಯಾರೂ ತಿದ್ದುವ ಮೊದಲೇ ಈ ಉತ್ತರ ತಪ್ಪೆಂದು ನಿಮಗೇ ಗೊತ್ತಾಗಬಹುದಿತ್ತು.

1, 3, 2 ಎನ್ನುವುದು ಅಣುಗಳ ಎಣಿಕೆ. ನೈಟ್ರೋಜನ್ನಿನ ಒಂದು ಅಣು ಹೈಡ್ರೋಜನ್ನಿನ ಒಂದು ಅಣುವಿಗಿಂತ ಸುಮಾರು 14 ಪಟ್ಟು ಭಾರ. ಇಷ್ಟು ವ್ಯತ್ಯಾಸವಿರುವ ಎರಡು ವಸ್ತುಗಳ ಎಣಿಕೆಯನ್ನು ತೂಕವೆಂದು ಓದಿದರೆ ಲೆಕ್ಕ ಕೂಡಿಬರುವುದು ಸಾಧ್ಯವೇ ಇಲ್ಲ. ಅಣುಗಳನ್ನು ಒಂದೊಂದಾಗಿ ಎಣಿಸಲು ಆಗದ ಕಾರಣ ಎಣಿಕೆಗೆ ಮೋಲ್ ಎಂಬ ದೊಡ್ಡ ಕಂತೆಯನ್ನು ಇಟ್ಟುಕೊಂಡಿದ್ದೇವೆ. ಒಂದು ಮೋಲ್ ಎಂದರೆ 6.02214076 × 10²³ ಕಣಗಳು. 2019ರ ಮೇ 20ರಿಂದ ಮೋಲ್‌ನ ವ್ಯಾಖ್ಯೆಯೇ ಈ ಸಂಖ್ಯೆ. ಅದಕ್ಕೆ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎನ್ನುತ್ತಿದ್ದರು. ನಾವು ಮಾಡುವ ಲೆಕ್ಕಗಳಿಗೆ ಈ ಬದಲಾವಣೆಯಿಂದ ಯಾವ ವ್ಯತ್ಯಾಸವೂ ಬರದು.

ಗ್ರಾಂನಿಂದ ಗ್ರಾಂಗೆ ಹೋಗಬೇಕಾದರೆ ನಡುವೆ ಮೋಲ್ ಎಂಬ ಸೇತುವೆಯನ್ನು ದಾಟಲೇಬೇಕು. ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಮೋಲಾರ್ ರಾಶಿ: ನೈಟ್ರೋಜನ್‌ಗೆ 28.01, ಹೈಡ್ರೋಜನ್‌ಗೆ 2.016, ಅಮೋನಿಯಕ್ಕೆ 17.03. ನಿಮ್ಮ ಲೆಕ್ಕ ಹೀಗಾಗುತ್ತದೆ: 10 ಗ್ರಾಂ ನೈಟ್ರೋಜನ್ ÷ 28.01 = 0.357 ಮೋಲ್. ಅದಕ್ಕೆ ಮೂರು ಪಟ್ಟು ಹೈಡ್ರೋಜನ್, ಅಂದರೆ 1.071 ಮೋಲ್, 2.016ರಿಂದ ಗುಣಿಸಿದರೆ 2.16 ಗ್ರಾಂ. ಎರಡು ಪಟ್ಟು ಅಮೋನಿಯ, ಅಂದರೆ 0.714 ಮೋಲ್, 17.03ರಿಂದ ಗುಣಿಸಿದರೆ 12.16 ಗ್ರಾಂ. ಈಗ ಕೂಡಿ ನೋಡಿ: 10 + 2.16 = 12.16. ಎರಡೂ ಬದಿ ಸರಿಹೊಂದಿತು. ಮೋಲ್‌ಗಳನ್ನು ಕೂಡಿದರೆ ಮಾತ್ರ ಎರಡು ಬದಿ ಸಮ ಬರುವುದಿಲ್ಲ: 4 ಮೋಲ್ ಒಳಗೆ, 2 ಮೋಲ್ ಹೊರಗೆ. ಅದರಲ್ಲಿ ತಪ್ಪೇನಿಲ್ಲ. ಪರಮಾಣುಗಳು ಉಳಿಯುತ್ತವೆ, ಅಣುಗಳ ಸಂಖ್ಯೆ ಉಳಿಯಬೇಕೆಂದಿಲ್ಲ.

ಪ್ರಶ್ನೆ: ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸಿದಾಗ ಬರುವ ಆಕ್ಸಿಜನ್ನಿನ ಲೆಕ್ಕದಲ್ಲಿ ಪ್ರತಿ ಸಲವೂ ನನಗೆ ಬೇರೆ ಬೇರೆ ಉತ್ತರ ಬರುತ್ತದೆ. ಅನುಪಾತದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? ಮೋಲ್ ಬಿಟ್ಟು ತ್ರೈರಾಶಿಯಲ್ಲೇ ಮಾಡಬಾರದೇ?

ಉತ್ತರ: ಮೊದಲು ಸರಿ ಉತ್ತರ ನೋಡೋಣ, ಆಮೇಲೆ ನೀವು ಎಲ್ಲಿ ಎಡವುತ್ತಿರಬಹುದು ಎಂದು ಹುಡುಕೋಣ.

2 ಪೊಟ್ಯಾಸಿಯಂ ಕ್ಲೋರೇಟ್ → 2 ಪೊಟ್ಯಾಸಿಯಂ ಕ್ಲೋರೈಡ್ + 3 ಆಕ್ಸಿಜನ್

10.0 ಗ್ರಾಂ ಕ್ಲೋರೇಟ್ ತೆಗೆದುಕೊಂಡಿದ್ದೀರಿ ಎಂದುಕೊಳ್ಳಿ. ಅದರ ಮೋಲಾರ್ ರಾಶಿ 122.55. ಭಾಗಿಸಿದರೆ 0.0816 ಮೋಲ್ ಕ್ಲೋರೇಟ್. ಅನುಪಾತ ಬರೆಯುವಾಗ ಬೇಕಾದದ್ದು ಮೇಲೆ, ಕೈಲಿರುವುದು ಕೆಳಗೆ: 3 ಮೋಲ್ ಆಕ್ಸಿಜನ್ / 2 ಮೋಲ್ ಕ್ಲೋರೇಟ್. ಗುಣಿಸಿದರೆ ಕೆಳಗಿನ 'ಮೋಲ್ ಕ್ಲೋರೇಟ್' ಹೊಡೆದುಹೋಗಿ 0.1224 ಮೋಲ್ ಆಕ್ಸಿಜನ್ ಉಳಿಯುತ್ತದೆ. 32.00ರಿಂದ ಗುಣಿಸಿ: 3.92 ಗ್ರಾಂ.

ಇಲ್ಲಿ ಗಮನಿಸಬೇಕಾದದ್ದು, ಬರೀ 'ಮೋಲ್' ಎಂದು ಬರೆಯದೆ ಪ್ರತಿ ಸಂಖ್ಯೆಯ ಪಕ್ಕ ಯಾವ ವಸ್ತುವಿನ ಮೋಲ್ ಎಂದೂ ಬರೆದಿದ್ದೇವೆ. ಇದು ಕೇವಲ ಅಚ್ಚುಕಟ್ಟಿಗಾಗಿ ಮಾಡುವ ಕೆಲಸವಲ್ಲ. ಅನುಪಾತವನ್ನು ತಲೆಕೆಳಗಾಗಿ ಹಿಡಿದರೆ ಹೆಸರುಗಳು ಹೊಡೆದುಹೋಗುವುದಿಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ಬರೀ 'ಮೋಲ್' ಎಂದು ಬರೆದರೆ ಅದು ಹೇಗೆ ಹಿಡಿದರೂ ಹೊಡೆದುಹೋಗಿ ತಪ್ಪನ್ನು ಮುಚ್ಚಿಬಿಡುತ್ತದೆ.

ಈಗ ನಿಮ್ಮ ಹಳೆಯ ಉತ್ತರಗಳನ್ನು ತೆಗೆದು ನೋಡಿ. 1.74 ಬಂದಿದ್ದರೆ ಅನುಪಾತ ತಲೆಕೆಳಗಾಗಿದೆ. 2.61 ಬಂದಿದ್ದರೆ ಅನುಪಾತವನ್ನೇ ಮರೆತಿದ್ದೀರಿ. 1.96 ಬಂದಿದ್ದರೆ ಎರಡು ಸಾಧ್ಯತೆ: ಆಕ್ಸಿಜನ್ ಅನಿಲದ ಮೋಲಾರ್ ರಾಶಿಯನ್ನು 32ರ ಬದಲು 16 ಎಂದು ಹಾಕಿದ್ದೀರಿ, ಇಲ್ಲವೇ ಕ್ಲೋರೇಟಿನ ಮೋಲಾರ್ ರಾಶಿಯನ್ನು ಸಹಗುಣಕ 2ರಿಂದ ಗುಣಿಸಿ 245.1 ಮಾಡಿ, ಮತ್ತೆ 3/2 ಅನುಪಾತವನ್ನೂ ಬಳಸಿದ್ದೀರಿ. ಎರಡೂ ತಪ್ಪುಗಳು ಉತ್ತರವನ್ನು ಸರಿಯಾಗಿ ಅರ್ಧ ಮಾಡುತ್ತವೆ.

ತ್ರೈರಾಶಿ ಖಂಡಿತ ಮಾಡಬಹುದು. 245.1 ಗ್ರಾಂ ಕ್ಲೋರೇಟಿಗೆ 96.0 ಗ್ರಾಂ ಆಕ್ಸಿಜನ್ ಆದರೆ 10.0 ಗ್ರಾಂಗೆ ಎಷ್ಟು? 96.0 × 10.0 ÷ 245.1 = 3.92 ಗ್ರಾಂ, ಅದೇ ಉತ್ತರ. ಇಲ್ಲಿ ಸಹಗುಣಕಗಳನ್ನು ಮೊದಲೇ ರಾಶಿಗಳಿಗೆ ಗುಣಿಸಿಬಿಟ್ಟಿದ್ದೇವೆ, ಹಾಗಾಗಿ ಮತ್ತೆ ಅನುಪಾತ ಬೇಡ. ಅರ್ಧ ತ್ರೈರಾಶಿ, ಅರ್ಧ ಮೋಲ್ ಎಂದು ಎರಡು ದಾರಿಯಲ್ಲಿ ಕಾಲಿಟ್ಟಾಗಲೇ ಆ 1.96 ಹುಟ್ಟುವುದು. ಆದರೂ ನಮ್ಮ ಒಲವು ಮೋಲ್ ದಾರಿಯ ಕಡೆಗೇ. ದ್ರಾವಣ ಬಂದಾಗ, ಅನಿಲದ ಗಾತ್ರ ಬಂದಾಗ, ಎರಡು ಪ್ರತಿವರ್ತಕಗಳ (ಕ್ರಿಯೆಯಲ್ಲಿ ಒಳಗೆ ಹೋಗುವ ವಸ್ತುಗಳ) ತೂಕ ಒಟ್ಟಿಗೆ ಕೊಟ್ಟಾಗ ತ್ರೈರಾಶಿ ತೊಡಕಾಗುತ್ತದೆ, ಮೋಲ್ ದಾರಿ ಹಾಗೆಯೇ ಮುಂದುವರಿಯುತ್ತದೆ.

ಒಂದು ಎಚ್ಚರಿಕೆ: ಈ ಕ್ರಿಯೆಯನ್ನು ಕಾಗದದ ಮೇಲೆ ಮಾತ್ರ ಮಾಡಿ. ಪೊಟ್ಯಾಸಿಯಂ ಕ್ಲೋರೇಟ್‌ಗೆ ಗಂಧಕ, ಇದ್ದಿಲು, ಸಕ್ಕರೆ, ಕಾಗದದ ಚೂರು ಏನೇ ಬೆರೆತರೂ ಅದು ಸಿಡಿಯಬಲ್ಲದು.

ಪ್ರಶ್ನೆ: ಲೆಕ್ಕದ ನಡುವೆ ಅಂಕಿಗಳನ್ನು ಎಲ್ಲಿ ಕತ್ತರಿಸಬೇಕು?

ಉತ್ತರ: ಕೊನೆಯಲ್ಲಿ, ಒಂದೇ ಸಲ. ಮೇಲಿನ ಲೆಕ್ಕದಲ್ಲಿ 0.0816ನ್ನು 0.08 ಎಂದು ಮೊಟಕುಗೊಳಿಸಿದ್ದರೆ ಉತ್ತರ 3.92ರ ಬದಲು 3.84 ಬರುತ್ತಿತ್ತು, ಶೇ. 2ರಷ್ಟು ಕಡಿಮೆ. ನಡುವಿನ ಸಂಖ್ಯೆಗಳನ್ನು ಕ್ಯಾಲ್ಕುಲೇಟರಿನಲ್ಲೇ ಬಿಡಿ. ಕೊಟ್ಟ ಅಳತೆಯಲ್ಲಿ ಮೂರು ಸಾರ್ಥಕ ಅಂಕಿಗಳಿದ್ದರೆ (ಅಳತೆಯಲ್ಲಿ ನಂಬಬಹುದಾದ ಅಂಕಿಗಳು) ಉತ್ತರದಲ್ಲೂ ಮೂರು. ಸಹಗುಣಕಗಳು ಎಣಿಕೆಯಾದ್ದರಿಂದ ಅವುಗಳಿಗೆ ಈ ಮಿತಿ ಇಲ್ಲ.

ಪ್ರಶ್ನೆ: ಎರಡು ಪ್ರತಿವರ್ತಕಗಳ ತೂಕವನ್ನೂ ಕೊಟ್ಟಾಗ, ಯಾವುದು ಕಡಿಮೆ ಇದೆಯೋ ಅದೇ ಮಿತಿಗೊಳಿಸುವ (ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ) ಪ್ರತಿವರ್ತಕ ಎಂದು ಹಿಡಿಯುತ್ತೇನೆ. ಒಮ್ಮೊಮ್ಮೆ ಸರಿಯಾಗುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ.

ಉತ್ತರ: ಸರಿಯಾದಾಗ ಅದು ಆಕಸ್ಮಿಕ. ಕಬ್ಬಿಣದ ಅದಿರಿನ ಉದಾಹರಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಫೆರಿಕ್ ಆಕ್ಸೈಡ್ + 3 ಕಾರ್ಬನ್ ಮಾನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

50.0 ಗ್ರಾಂ ಫೆರಿಕ್ ಆಕ್ಸೈಡ್ (ಮೋಲಾರ್ ರಾಶಿ 159.69), 25.0 ಗ್ರಾಂ ಕಾರ್ಬನ್ ಮಾನಾಕ್ಸೈಡ್ (28.01) ಇವೆ. ಮೋಲ್‌ಗೆ ತಂದರೆ ಆಕ್ಸೈಡ್ 0.3131, ಮಾನಾಕ್ಸೈಡ್ 0.8925. ಮೋಲ್ ಯಾವುದು ಕಡಿಮೆ ಎಂದು ನೋಡಿ ಆಕ್ಸೈಡನ್ನು ಆರಿಸಿದರೆ ತಪ್ಪು. ಒಂದು ಮೋಲ್ ಆಕ್ಸೈಡ್ ಮೂರು ಮೋಲ್ ಮಾನಾಕ್ಸೈಡನ್ನು ಕೇಳುತ್ತದೆ, 0.3131 ಮೋಲ್ ಆಕ್ಸೈಡ್ ಪೂರ್ತಿ ಮುಗಿಯಲು 0.9393 ಮೋಲ್ ಬೇಕು. ಇರುವುದು 0.8925. ಆದ್ದರಿಂದ ಮೊದಲು ಮುಗಿಯುವುದು ಕಾರ್ಬನ್ ಮಾನಾಕ್ಸೈಡ್.

ಬೇಗ ತಿಳಿಯುವ ಉಪಾಯ ಇದು: ಪ್ರತಿಯೊಂದರ ಮೋಲನ್ನು ಅದರದೇ ಸಹಗುಣಕದಿಂದ ಭಾಗಿಸಿ. 0.3131 ÷ 1 = 0.3131, 0.8925 ÷ 3 = 0.2975. ಚಿಕ್ಕದು ಯಾರದೋ ಅದೇ ಮಿತಿಗೊಳಿಸುವುದು. ಈ 0.2975 ಎಂಬ ಸಂಖ್ಯೆಗೂ ಅರ್ಥವಿದೆ: ಸಮೀಕರಣದಲ್ಲಿ ಬರೆದಿರುವ ಕ್ರಿಯೆ ಎಷ್ಟು ಮೋಲ್ ಸಲ ನಡೆಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಹಾಗಾಗಿ ಮುಂದಿನದೆಲ್ಲ ಇದೊಂದೇ ಸಂಖ್ಯೆಯಿಂದ ಬರುತ್ತದೆ. ಕಬ್ಬಿಣ 2 × 0.2975 × 55.845 = 33.23 ಗ್ರಾಂ. ಕಾರ್ಬನ್ ಡೈಆಕ್ಸೈಡ್ 3 × 0.2975 × 44.01 = 39.28 ಗ್ರಾಂ. ಉಳಿದ ಆಕ್ಸೈಡ್ 50.0 − 47.51 = 2.49 ಗ್ರಾಂ. ಮೂರನ್ನೂ ಕೂಡಿದರೆ 75.00 ಗ್ರಾಂ, ಆರಂಭದಲ್ಲಿ ಇಟ್ಟಷ್ಟೇ.

ಎರಡೂ ಪ್ರತಿವರ್ತಕಗಳಿಂದ ಬೇರೆ ಬೇರೆಯಾಗಿ ಕಬ್ಬಿಣದ ಲೆಕ್ಕ ಮಾಡಿ, ಬಂದ ಎರಡು ಉತ್ತರಗಳನ್ನು ಕೂಡುವವರಿದ್ದಾರೆ. ಸರಾಸರಿ ತೆಗೆಯುವವರೂ ಇದ್ದಾರೆ. ಎರಡೂ ಕೂಡದು. ಚಿಕ್ಕ ಉತ್ತರ ಮಾತ್ರ ನಿಜ.

ಪ್ರಶ್ನೆ: 0.50 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು ಮೂಸೆಯಲ್ಲಿ ಸುಟ್ಟೆವು. ಲೆಕ್ಕದ ಪ್ರಕಾರ ಬರಬೇಕಾದಷ್ಟು ಆಕ್ಸೈಡ್ ಬರಲಿಲ್ಲ, 0.76 ಗ್ರಾಂ ಮಾತ್ರ ಸಿಕ್ಕಿತು. ಲೆಕ್ಕ ತಪ್ಪೋ, ಪ್ರಯೋಗ ತಪ್ಪೋ?

ಉತ್ತರ: 2 ಮೆಗ್ನೀಸಿಯಂ + ಆಕ್ಸಿಜನ್ → 2 ಮೆಗ್ನೀಸಿಯಂ ಆಕ್ಸೈಡ್. 0.50 ÷ 24.305 = 0.02057 ಮೋಲ್, ಅನುಪಾತ 2:2, ಅಂದರೆ ಅಷ್ಟೇ ಮೋಲ್ ಆಕ್ಸೈಡ್, 40.304ರಿಂದ ಗುಣಿಸಿದರೆ 0.829 ಗ್ರಾಂ. ನಿಮ್ಮ ಇಳುವರಿ 0.76 ÷ 0.829, ಸುಮಾರು ಶೇ. 92. ಲೆಕ್ಕದಲ್ಲಿ ತಪ್ಪಿಲ್ಲ, ಮೂಸೆಯೊಳಗೆ ನಡೆದದ್ದು ನೀವು ಬರೆದ ಸಮೀಕರಣವೊಂದೇ ಅಲ್ಲ.

ಉರಿಯುವ ಮೆಗ್ನೀಸಿಯಂ ಗಾಳಿಯಲ್ಲಿರುವ ನೈಟ್ರೋಜನ್ ಜೊತೆಗೂ ಸೇರಿ ನೈಟ್ರೈಡ್ ಆಗುತ್ತದೆ: 3 ಮೆಗ್ನೀಸಿಯಂ + ನೈಟ್ರೋಜನ್ → ಮೆಗ್ನೀಸಿಯಂ ನೈಟ್ರೈಡ್. ಇದರ ಮೋಲ್ ಅನುಪಾತ ಬೇರೆ, ಆದ್ದರಿಂದ ತೂಕವೂ ಬೇರೆ. 0.50 ಗ್ರಾಂ ಪೂರ್ತಿ ನೈಟ್ರೈಡ್ ಆಗಿದ್ದರೆ 0.692 ಗ್ರಾಂ ಸಿಗುತ್ತಿತ್ತು. ನಿಮ್ಮ 0.76 ಈ ಎರಡರ ನಡುವೆ ಇದೆ. ಇಷ್ಟರಿಂದಲೇ ನೈಟ್ರೈಡ್ ಎಂದು ತೀರ್ಮಾನಿಸಲಾಗದು, ಏಕೆಂದರೆ ಮುಚ್ಚಳವನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಬಿಳಿ ಹೊಗೆಯಾಗಿ ಆಕ್ಸೈಡೇ ಹಾರಿಹೋಗುತ್ತದೆ. ಮುಚ್ಚಿಯೇ ಇಟ್ಟರೆ ಗಾಳಿ ಸಾಲದೆ ಲೋಹ ಉಳಿಯುತ್ತದೆ. ಮೂರರಲ್ಲೂ ತೂಕ ಕಡಿಮೆಯೇ ಬರುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ. ಮೇಲಿನ ಮಂಕು ಪದರ ಆಗಲೇ ಆಕ್ಸೈಡ್ ಆಗಿರುತ್ತದೆ. ಖಾಲಿ ಮೂಸೆಯನ್ನು ಮುಚ್ಚಳದ ಸಮೇತ ಕಾಯಿಸಿ, ಪೂರ್ತಿ ಆರಿದ ಮೇಲೆ ತೂಗಿ. ಬಿಸಿಯಿದ್ದಾಗ ಸುತ್ತಲ ಗಾಳಿ ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ. ಕಾಯಿಸುವಾಗ ಇಕ್ಕಳದಿಂದ ಮುಚ್ಚಳವನ್ನು ಆಗಾಗ ತುಸುವೇ ಎತ್ತಿ ಕೂಡಲೇ ಮುಚ್ಚಿ. ಉರಿಯುವ ಲೋಹವನ್ನು ನೇರವಾಗಿ ನೋಡಬೇಡಿ. ಹೊಳಪು ನಿಂತ ಮೇಲೆ ಪೂರ್ತಿ ಆರಿಸಿ, ನಾಲ್ಕೈದು ಹನಿ ಶುದ್ಧ ನೀರು ಹಾಕಿ. ನೈಟ್ರೈಡ್ ಇದ್ದರೆ ಅಮೋನಿಯದ ಘಾಟು ಬರುತ್ತದೆ, ನೈಟ್ರೈಡ್ ಹೈಡ್ರಾಕ್ಸೈಡ್ ಆಗಿ ಬದಲಾಗುತ್ತದೆ. ಮತ್ತೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕಾಯಿಸಿದರೆ ನೀರು ಹೋಗಿ ಆಕ್ಸೈಡ್ ಉಳಿಯುತ್ತದೆ. ಕಾಯಿಸುವುದು, ಆರಿಸುವುದು, ತೂಗುವುದು, ಇದನ್ನು ಎರಡು ತೂಕಗಳು ಒಂದೇ ಬರುವ ತನಕ ಮುಂದುವರಿಸಿ. ನೀರು ಹಾಕಿ ಸಾಲದಷ್ಟು ಕಾಯಿಸಿದರೆ ಹೈಡ್ರಾಕ್ಸೈಡ್ ಉಳಿದು ಇಳುವರಿ ಶೇ. 100 ದಾಟಬಹುದು. ಶೇ. 100 ದಾಟಿದ ಇಳುವರಿಯನ್ನು ಯಾರೂ ಸಂತೋಷದಿಂದ ಬರೆದಿಡಬಾರದು. ಉತ್ಪನ್ನದ ಜೊತೆ ಬೇರೇನೋ ಇದೆ ಎಂದೇ ಅದರ ಅರ್ಥ.

ತಕ್ಕಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಎರಡು ತೂಕಗಳ ವ್ಯತ್ಯಾಸ ತೆಗೆದಾಗ 0.02 ಗ್ರಾಂ ಆಚೀಚೆ ಆಗುವುದು ಸಹಜ. ಇಲ್ಲಿ ಸೇರುವ ಆಕ್ಸಿಜನ್ನೇ 0.33 ಗ್ರಾಂ, ಅದರಲ್ಲಿ 0.02 ಎಂದರೆ ಶೇ. 6.

ಪ್ರಶ್ನೆ: ಮೈಲುತುತ್ತದ ದ್ರಾವಣಕ್ಕೆ ಸತುವಿನ ಪುಡಿ ಹಾಕಿ ತಾಮ್ರ ಪಡೆದೆವು. 5.00 ಗ್ರಾಂ ತಾಮ್ರದ ಸಲ್ಫೇಟಿಗೆ 1.99 ಗ್ರಾಂ ತಾಮ್ರ ಬರಬೇಕಿತ್ತು, 1.2 ಗ್ರಾಂ ಮಾತ್ರ ಬಂತು. ಇಷ್ಟೊಂದು ನಷ್ಟ ಏಕೆ?

ಉತ್ತರ: ನಷ್ಟ ಆಗಿಲ್ಲ, ಪ್ರಯೋಗವನ್ನು ಚೆನ್ನಾಗಿಯೇ ಮಾಡಿದ್ದೀರಿ. ನೀವು ತೂಗಿದ್ದು ನೀಲಿ ಹರಳು. ಅದರಲ್ಲಿ ಪ್ರತಿ ಮೋಲ್ ತಾಮ್ರದ ಸಲ್ಫೇಟಿನ ಜೊತೆ 5 ಮೋಲ್ ನೀರು ಸೇರಿದೆ. ಮೋಲಾರ್ ರಾಶಿ 249.69. ನೀವು ನೀರಿಲ್ಲದ ಬಿಳಿ ಪುಡಿಯ 159.61 ಬಳಸಿದ್ದೀರಿ. ಸರಿಯಾದ ಲೆಕ್ಕ: 5.00 ÷ 249.69 = 0.02002 ಮೋಲ್, ಅಷ್ಟೇ ಮೋಲ್ ತಾಮ್ರ, 63.55ರಿಂದ ಗುಣಿಸಿದರೆ 1.27 ಗ್ರಾಂ. ನಿಮ್ಮ ಇಳುವರಿ ಶೇ. 94. ಡಬ್ಬಿಯ ಚೀಟಿಯಲ್ಲಿ 'ಪೆಂಟಾಹೈಡ್ರೇಟ್' ಎಂದಿದೆಯೇ, 'ಅನ್‌ಹೈಡ್ರಸ್' ಎಂದಿದೆಯೇ ಎಂದು ಓದಿಯೇ ಮೋಲಾರ್ ರಾಶಿ ಬರೆಯಿರಿ.

ಸತು ಕನಿಷ್ಠ 1.31 ಗ್ರಾಂ ಬೇಕು. ತುಸು ಹೆಚ್ಚೇ ಹಾಕಿ, ನೀಲಿ ಬಣ್ಣ ಪೂರ್ತಿ ಹೋಗಬೇಕು. ಮಿಕ್ಕ ಸತು ತಾಮ್ರದ ಜೊತೆ ಕುಳಿತು ತೂಕ ಹೆಚ್ಚಿಸುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಗುಳ್ಳೆ ನಿಲ್ಲುವವರೆಗೆ ಕಲಕಿದರೆ ಸತು ಕರಗುತ್ತದೆ, ತಾಮ್ರ ಕರಗುವುದಿಲ್ಲ. ಸೋಸಿ, ತೊಳೆದು, ಹದವಾದ ಶಾಖದಲ್ಲಿ ಒಣಗಿಸಿ. ಜೋರಾಗಿ ಕಾಯಿಸಿದರೆ ಪುಡಿ ಕಪ್ಪಾಗುತ್ತದೆ. ಕಪ್ಪಾದದ್ದು ತಾಮ್ರದ ಆಕ್ಸೈಡ್, ಅದರ ತೂಕ ತಾಮ್ರದ ಲೆಕ್ಕಕ್ಕೆ ಬರದು.

ಪ್ರಶ್ನೆ: ಅನಿಲಗಳಿಗೆ ಕೆಲವರು 22.4 ಲೀಟರ್, ಕೆಲವರು 22.7, ಕೆಲವರು 24 ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೂರೂ ಸರಿ, ಸಂದರ್ಭ ಬೇರೆ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಆದರ್ಶ ಅನಿಲದ ಒಂದು ಮೋಲ್‌ಗೆ 22.414 ಲೀಟರ್, ಅದೇ ತಾಪದಲ್ಲಿ ಒತ್ತಡ 1 ಬಾರ್ ಆದರೆ 22.711, 25 ಡಿಗ್ರಿ, 1 ಅಟ್ಮಾಸ್ಫಿಯರ್‌ಗೆ 24.47. ಮೇಲೆ ಬಂದ 0.1224 ಮೋಲ್ ಆಕ್ಸಿಜನ್ ಮೊದಲ ಸ್ಥಿತಿಯಲ್ಲಿ 2.74 ಲೀಟರ್, ಕೊನೆಯದರಲ್ಲಿ 3.00 ಲೀಟರ್.

ಪ್ರತಿವರ್ತಕ, ಉತ್ಪನ್ನ ಎರಡೂ ಅನಿಲವಾಗಿದ್ದು ತಾಪ, ಒತ್ತಡ ಒಂದೇ ಇದ್ದರೆ ಇವು ಯಾವುವೂ ಬೇಡ. ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು. 2 ಲೀಟರ್ ಪ್ರೊಪೇನ್‌ಗೆ 10 ಲೀಟರ್ ಆಕ್ಸಿಜನ್, 6 ಲೀಟರ್ ಕಾರ್ಬನ್ ಡೈಆಕ್ಸೈಡ್. ಸಹಗುಣಕವನ್ನು ನೇರವಾಗಿ ಅಳತೆಯ ಮೇಲೆ ಹಾಕಲು ಅನುಮತಿ ಇರುವುದು ಇಲ್ಲಿ ಮಾತ್ರ. ಸಮ ಗಾತ್ರದ ಅನಿಲಗಳಲ್ಲಿ ಅಣುಗಳೂ ಸಮ ಎಂದು ಅವೊಗಾಡ್ರೊ 1811ರಲ್ಲಿ ಮುಂದಿಟ್ಟ ಮಾತೇ ಇದಕ್ಕೆ ಆಧಾರ. ನೀರು ಹಬೆಯಾಗಿದ್ದರೆ ಅದಕ್ಕೂ 8 ಲೀಟರ್. ತಣಿದು ದ್ರವವಾದರೆ ಈ ನಿಯಮ ಅದಕ್ಕೆ ಸಲ್ಲದು.

ಪ್ರಶ್ನೆ: 25.0 ಮಿಲಿಲೀಟರ್, 0.100 ಮೋಲಾರ್ (ಲೀಟರಿಗೆ 0.100 ಮೋಲ್) ಸಲ್ಫ್ಯೂರಿಕ್ ಆಮ್ಲಕ್ಕೆ 0.125 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 20.0 ಮಿಲಿಲೀಟರ್ ಸಾಕೆಂದು ಲೆಕ್ಕ ಬಂತು. ಬ್ಯುರೆಟ್‌ನಲ್ಲಿ 40 ಇಳಿಯಿತು.

ಉತ್ತರ: ಬ್ಯುರೆಟ್ ಸರಿ ಹೇಳಿದೆ. ಒಂದು ಮೋಲ್ ಸಲ್ಫ್ಯೂರಿಕ್ ಆಮ್ಲಕ್ಕೆ 2 ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಆಮ್ಲ 0.0250 ಲೀಟರ್ × 0.100 = 0.00250 ಮೋಲ್, ಪ್ರತ್ಯಾಮ್ಲ 0.00500 ಮೋಲ್, 0.125ರಿಂದ ಭಾಗಿಸಿದರೆ 0.0400 ಲೀಟರ್. ಸಾರತೆ ಗುಣಿಸು ಗಾತ್ರ ಎರಡು ಕಡೆಯೂ ಸಮ ಎಂಬ ಸೂತ್ರ ದ್ರಾವಣಕ್ಕೆ ನೀರು ಬೆರೆಸಿ ತೆಳುಮಾಡುವ ಲೆಕ್ಕದ್ದು. ಕ್ರಿಯೆಯ ಅನುಪಾತ 1:1 ಇದ್ದಾಗ ಮಾತ್ರ ಅದು ಇಲ್ಲಿಯೂ ಹೊಂದುತ್ತದೆ.

ಪ್ರಶ್ನೆ: ಅಡುಗೆ ಸೋಡಾವನ್ನು ಕಾಯಿಸಿದರೆ ಏನು ಉಳಿಯುತ್ತದೆ ಎಂಬ ಬಗ್ಗೆ ನಮ್ಮಲ್ಲಿ ಮೂರು ಅಭಿಪ್ರಾಯಗಳಿವೆ: ಸೋಡಿಯಂ ಕಾರ್ಬೊನೇಟ್, ಸೋಡಿಯಂ ಹೈಡ್ರಾಕ್ಸೈಡ್, ಸೋಡಿಯಂ ಆಕ್ಸೈಡ್. ಮೂರೂ ಬಿಳಿ. ಮೂರಕ್ಕೂ ಸರಿದೂಗಿಸಿದ ಸಮೀಕರಣ ಬರೆಯಬಹುದು. ಯಾವುದು ನಿಜವೆಂದು ತಿಳಿಯುವುದು ಹೇಗೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಸಮೀಕರಣ ಸರಿದೂಗಿತು ಎಂದ ಮಾತ್ರಕ್ಕೆ ಆ ಕ್ರಿಯೆ ನಡೆಯುತ್ತದೆ ಎಂದಲ್ಲ. ತಕ್ಕಡಿಯನ್ನು ಕೇಳಬೇಕು, ಹೇಗೆ ಕೇಳಬೇಕೆಂದು ಮೋಲ್ ಅನುಪಾತ ಹೇಳಿಕೊಡುತ್ತದೆ.

ಮೂರು ಸಾಧ್ಯತೆಗಳು ಇವು:

2 ಸೋಡಿಯಂ ಬೈಕಾರ್ಬೊನೇಟ್ → ಸೋಡಿಯಂ ಕಾರ್ಬೊನೇಟ್ + ನೀರು + ಕಾರ್ಬನ್ ಡೈಆಕ್ಸೈಡ್
ಸೋಡಿಯಂ ಬೈಕಾರ್ಬೊನೇಟ್ → ಸೋಡಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್
2 ಸೋಡಿಯಂ ಬೈಕಾರ್ಬೊನೇಟ್ → ಸೋಡಿಯಂ ಆಕ್ಸೈಡ್ + ನೀರು + 2 ಕಾರ್ಬನ್ ಡೈಆಕ್ಸೈಡ್

10.00 ಗ್ರಾಂ ಬೈಕಾರ್ಬೊನೇಟ್ (ಮೋಲಾರ್ ರಾಶಿ 84.01) ಎಂದರೆ 0.1190 ಮೋಲ್. ಮೊದಲನೆಯದರಲ್ಲಿ ಅನುಪಾತ 2:1, ಆದ್ದರಿಂದ 0.0595 ಮೋಲ್ ಕಾರ್ಬೊನೇಟ್, 105.99ರಿಂದ ಗುಣಿಸಿದರೆ 6.31 ಗ್ರಾಂ. ಎರಡನೆಯದರಲ್ಲಿ 1:1, 0.1190 × 40.00 = 4.76 ಗ್ರಾಂ. ಮೂರನೆಯದರಲ್ಲಿ ಮತ್ತೆ 2:1, 0.0595 × 61.98 = 3.69 ಗ್ರಾಂ. ಮೂರೂ ಒಂದಕ್ಕೊಂದು ಎಷ್ಟು ದೂರ ಇವೆಯೆಂದರೆ ಸಾಧಾರಣ ತಕ್ಕಡಿಯಲ್ಲೂ ಗೊಂದಲಕ್ಕೆ ಎಡೆಯಿಲ್ಲ.

ಒಣ ಮೂಸೆಯಲ್ಲಿ 10 ಗ್ರಾಂನಷ್ಟು ತೆಳುವಾಗಿ ಹರಡಿ, ಮುಚ್ಚಳ ಓರೆಯಾಗಿಟ್ಟು ಕಾಯಿಸಿ. ಮೊದಮೊದಲು ಜೋರಾಗಿ ಕಾಯಿಸಿದರೆ ಹೊರಬರುವ ಅನಿಲದ ರಭಸಕ್ಕೆ ಪುಡಿ ಚಿಮ್ಮಿ ಹೊರಬಿದ್ದು ತೂಕ ಸುಮ್ಮನೆ ಇಳಿಯುತ್ತದೆ. ಆರಿಸಿ ತೂಗಿ, ಮತ್ತೆ ಹತ್ತು ನಿಮಿಷ ಕಾಯಿಸಿ ತೂಗಿ. ತೂಕ 7 ಗ್ರಾಂ ಆಸುಪಾಸಿನಲ್ಲಿದ್ದು ಇನ್ನೂ ಇಳಿಯುತ್ತಿದ್ದರೆ ಕ್ರಿಯೆ ಮುಗಿದಿಲ್ಲ. ಅದು 6.3ರ ಹತ್ತಿರ ಬಂದು ನಿಲ್ಲುತ್ತದೆ, ಅಲ್ಲಿಂದ ಕೆಳಗೆ ಹೋಗುವುದಿಲ್ಲ. ಸೋಡಿಯಂ ಕಾರ್ಬೊನೇಟ್ ಕರಗುವುದೇ 851 ಡಿಗ್ರಿಯಲ್ಲಿ. ಸಾಮಾನ್ಯ ಬರ್ನರ್ ಮೇಲಿಟ್ಟ ಮೂಸೆಯಲ್ಲಿ ಅದು ಮುಂದೆ ಒಡೆದು ಆಕ್ಸೈಡ್ ಆಗುವುದಿಲ್ಲ. ತೂಗುವ ಮೊದಲು ಮೂಸೆಯನ್ನು ಗಾಳಿಗೆ ತೆರೆದಿಟ್ಟು ಬಹಳ ಹೊತ್ತು ಬಿಡಬೇಡಿ, ಕಾರ್ಬೊನೇಟ್ ತೇವ ಎಳೆದುಕೊಂಡು ಮತ್ತೆ ತೂಕ ಏರುತ್ತದೆ.